ನೀರಿನಲ್ಲಿ ಮಾರ್ಜಕಗಳ ಪರೀಕ್ಷೆ: ತುಮಕೂರು, ಗುಬ್ಬಿ, ಕುಣಿಗಲ್

ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ, ಶಾಂಪೂ, ಟೂತ್‌ಪೇಸ್ಟ್ ಮುಂತಾದವುಗಳಲ್ಲಿ ನೊರೆ ಎಬ್ಬಿಸಿ ಕೊಳೆ ಬಿಡಿಸುವ ಸಂಶ್ಲೇಷಿತ ರಾಸಾಯನಿಕಗಳಿಗೆ ಮಾರ್ಜಕಗಳೆಂದು ಹೆಸರು. ಬಳಸಿ ಚೆಲ್ಲಿದ ಮೇಲೆ ಇವು ಚರಂಡಿ ಹಿಡಿದು ಕೆರೆ, ಹೊಳೆ, ಅಂತರ್ಜಲಗಳನ್ನು ಸೇರುತ್ತವೆ. ಹಾಗೆ ಸೇರಿದ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಅಳೆಯುವ ಕ್ರಮವನ್ನೂ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ನೀರಿನಲ್ಲಿ ಅದಕ್ಕಿರುವ ಮಹತ್ವವನ್ನೂ ಈ ಲೇಖನ ವಿವರಿಸುತ್ತದೆ.

ತುಮಕೂರು ಜಿಲ್ಲೆಯ ನೀರು ಎಂದೊಡನೆ ನೆನಪಿಗೆ ಬರುವುದು ಪಾವಗಡ ಕಡೆಯ ಫ್ಲೋರೈಡು, ಬೇಳೆ ಬೇಯದ ಕೊಳವೆಬಾವಿ ನೀರು. ಅವೆರಡೂ ಬಂಡೆಯಿಂದ ಬಂದ ದೋಷಗಳು. ಊರು ಹುಟ್ಟುವ ಮೊದಲೂ ಆ ನೆಲದಲ್ಲಿದ್ದವು. ಮಾರ್ಜಕದ ವಿಷಯ ಬೇರೆ. ಬಟ್ಟೆ ಪುಡಿಯಲ್ಲಿರುವ ಪದಾರ್ಥವನ್ನು ಯಾವ ಬಂಡೆಯೂ ಯಾವ ಗಿಡವೂ ತಯಾರಿಸುವುದಿಲ್ಲ. ಬಾವಿಯ ನೀರಿನಲ್ಲಿ ಅದರ ಅಂಶ ಖಚಿತವಾಗಿ ಸಿಕ್ಕಿದರೆ ಆ ನೀರು ಯಾವುದೋ ಬಚ್ಚಲನ್ನೋ ಒಗೆಯುವ ಕಲ್ಲನ್ನೋ ದಾಟಿ ಬಂದಿದೆ ಎಂದೇ ಅರ್ಥ. ಆದ್ದರಿಂದ ಈ ಪರೀಕ್ಷೆ ಒಂದು ರಾಸಾಯನಿಕದ ತೂಕವನ್ನು ಹೇಳುವುದಷ್ಟೇ ಅಲ್ಲ, ನೀರು ನಡೆದು ಬಂದ ದಾರಿಯನ್ನೂ ತೋರಿಸುತ್ತದೆ. ಈ ಎರಡನೆಯ ಉಪಯೋಗಕ್ಕೆ ಸಲ್ಲಬೇಕಾದ ಗಮನ ಇನ್ನೂ ಸಂದಿಲ್ಲ.

ನೆಲ ಮತ್ತು ಹರಿವು

ತುಮಕೂರಿಗೆ ಸಮೀಪದ ದೇವರಾಯನದುರ್ಗದ ಬೆಟ್ಟಸಾಲು ಒಂದು ನೀರಿಳಿ. ಅಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದೇ ಬೆಟ್ಟಗಳ ದಕ್ಷಿಣದ ಕಡೆಯಿಂದ ಹೊರಡುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಹಾದು, ಮಂಡ್ಯ ಜಿಲ್ಲೆಗಿಳಿದು ಕಾವೇರಿಯನ್ನು ಸೇರುತ್ತದೆ. ಈ ದಾರಿಯುದ್ದಕ್ಕೂ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಸರಪಳಿಯಲ್ಲಿ ನೀರು ಇಳಿದಂತೆ ನೀರಿನಲ್ಲಿ ಕರಗಿದ್ದೂ ಇಳಿಯುತ್ತದೆ.

ಇದರ ಮೇಲೆ ಇನ್ನೊಂದು ಹರಿವು ಬಂದು ಸೇರಿದೆ. ಗೊರೂರು ಅಣೆಕಟ್ಟೆಯಿಂದ ಹೊರಟ ಹೇಮಾವತಿ ನಾಲೆಯ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿ ಶುದ್ಧೀಕರಣಗೊಂಡು ತುಮಕೂರಿನ ನಲ್ಲಿಗಳಲ್ಲಿ ಬರುತ್ತದೆ. ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆಯೂ ಇಂದು ಹೇಮಾವತಿಗೆ ಕಾಯುತ್ತದೆ. ಹೀಗೆ ನಾಲೆಯಲ್ಲಿ ಬಂದ ಹೊಳೆನೀರು ಮನೆಯೊಳಗೆ ಹೊಕ್ಕು ಬಚ್ಚಲ ನೀರಾಗಿ ಹೊರಬೀಳುವುದು ಮಾತ್ರ ಶಿಂಷಾ ಕಡೆಯ ತಗ್ಗಿಗೆ. ತುಮಕೂರಿನ ಒಳಚರಂಡಿ ನೀರನ್ನು ಶುದ್ಧೀಕರಿಸುವ ಘಟಕ ಇರುವುದು ಗುಬ್ಬಿ ರಸ್ತೆಯ ಕಡೆಯ ಭೀಮಸಂದ್ರದಲ್ಲಿ. ಒಳಚರಂಡಿಗೆ ಸೇರದ ಬಡಾವಣೆಗಳ ನೀರು ತೆರೆದ ಚರಂಡಿ, ರಾಜಕಾಲುವೆಗಳಲ್ಲಿ ಹರಿಯುತ್ತದೆ. ಹಳ್ಳಿಗಳಲ್ಲಿ ಅದು ಇಂಗುಗುಂಡಿಗೋ ಹಿತ್ತಲ ಬಾಳೆಯ ಬುಡಕ್ಕೋ ಹೋಗುತ್ತದೆ.

ನೆಲದ ಕೆಳಗಿನ ಸ್ಥಿತಿಯನ್ನೂ ನೋಡಬೇಕು. ಇಲ್ಲಿರುವುದು ಗಟ್ಟಿ ಶಿಲೆ: ನೈಸು, ಗ್ರಾನೈಟು, ಗುಬ್ಬಿಯಿಂದ ಚಿಕ್ಕನಾಯಕನಹಳ್ಳಿಯ ಕಡೆಗೆ ಶಿಸ್ಟ್ ಶಿಲೆಯ ಪಟ್ಟಿ. ಮರಳಿನಂತೆ ನೀರನ್ನು ನಿಧಾನವಾಗಿ ಸೋಸುವ ಪದರ ಕಡಿಮೆ. ಮೇಲಿನ ಸವೆದ ಮಣ್ಣನ್ನು ದಾಟಿದ ನೀರು ಬಂಡೆಯ ಬಿರುಕುಗಳಲ್ಲಿ ಓಡುತ್ತದೆ. ಆ ಬಿರುಕು ಇಂಗುಗುಂಡಿಗೂ ಕೊಳವೆಬಾವಿಗೂ ನಡುವೆ ಹಾದಿದ್ದರೆ ಎರಡಕ್ಕೂ ಇರುವ ದೂರ ಲೆಕ್ಕಕ್ಕೇ ಬರುವುದಿಲ್ಲ.

ಚೌಳು ಮಣ್ಣಿನಿಂದ ಪುಡಿಯ ಪೊಟ್ಟಣಕ್ಕೆ

ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆಗಿಟ್ಟು ಒಗೆಯುತ್ತಿದ್ದ ಕಾಲದಲ್ಲಿ, ತಲೆಗೆ ಸೀಗೆಪುಡಿ, ರೇಷ್ಮೆಗೆ ಅಂಟುವಾಳಕಾಯಿ ಎನ್ನುತ್ತಿದ್ದ ಕಾಲದಲ್ಲಿ ಈ ಪರೀಕ್ಷೆಗೆ ಕೆಲಸವಿರಲಿಲ್ಲ. ಅಂಟುವಾಳದ ನೊರೆಗೆ ಕಾರಣ ಸಪೋನಿನ್ ಎಂಬ ಸಸ್ಯಜನ್ಯ ಪದಾರ್ಥ. ಆಮೇಲೆ ಬಂದದ್ದು ಕೊಬ್ಬು ಮತ್ತು ಕ್ಷಾರದಿಂದ ಮಾಡಿದ ಸೋಪು. ಗಡಸು ನೀರಿನೊಡನೆ ಅದರ ಜಗಳ ಬಯಲುಸೀಮೆಯ ಪ್ರತಿ ಮನೆಗೂ ಗೊತ್ತು: ಎಷ್ಟು ಉಜ್ಜಿದರೂ ನೊರೆ ಏಳುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿಯ ಗಷ್ಟು ಕೂರುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪನ್ನು ಕರಗದ ಲವಣವಾಗಿ ಕಟ್ಟಿಹಾಕುವುದರಿಂದ ಹೀಗಾಗುತ್ತದೆ. ಸಂಶ್ಲೇಷಿತ ಮಾರ್ಜಕ ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಸರ್ಫ್ 1959ರಲ್ಲಿ, ಅಗ್ಗದ ನಿರ್ಮಾ 1969ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಕೆರೆನೀರಿನ ಬದಲು ಕೊಳವೆಬಾವಿ ನೀರಿನಲ್ಲಿ ಬಟ್ಟೆ ಒಗೆಯಬೇಕಾಗಿ ಬಂದ ಊರುಗಳು ಪುಡಿಗೆ ಒಲಿದದ್ದು ಸಹಜವೇ.

ಮಾರ್ಜಕದ ಅಣುವಿಗೆ ಎರಡು ಗುಣ. ಒಂದು ತುದಿ ನೀರನ್ನು ಬಯಸಿದರೆ, ಇನ್ನೊಂದು ಉದ್ದನೆಯ ಇಂಗಾಲದ ಬಾಲ ಎಣ್ಣೆಯನ್ನು ಬಯಸುತ್ತದೆ. ನೀರನ್ನು ಬಯಸುವ ತುದಿಯಲ್ಲಿ ಋಣ ವಿದ್ಯುದಂಶ ಇದ್ದರೆ ಅದು ಋಣಾಯಾನಿಕ ಮಾರ್ಜಕ. ಬಟ್ಟೆ ಪುಡಿಯಲ್ಲಿ ಮುಖ್ಯವಾಗಿರುವುದು ಈ ಬಗೆಯ ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೊನೇಟ್. ಉದ್ಯಮದವರ ಬಾಯಲ್ಲಿ ಅದು ಎಲ್‌ಎಎಸ್. ಶಾಂಪೂ ಮತ್ತು ಪಾತ್ರೆ ದ್ರವಗಳ ಲಾರಿಲ್ ಈಥರ್ ಸಲ್ಫೇಟ್, ಟೂತ್‌ಪೇಸ್ಟಿನ ಲಾರಿಲ್ ಸಲ್ಫೇಟ್ ಇದೇ ಗುಂಪಿನವು. ವಿದ್ಯುದಂಶವಿಲ್ಲದ ನಿರಯಾನಿಕಗಳೂ ಬಟ್ಟೆ ಮೃದುಗೊಳಿಸುವ ದ್ರವ ಮತ್ತು ಕ್ರಿಮಿನಾಶಕಗಳಲ್ಲಿ ಸಿಗುವ ಧನಾಯಾನಿಕಗಳೂ ಬೇರೆ ಗುಂಪುಗಳು. ನೀರಿನ ವರದಿಯಲ್ಲಿ ಮಾರ್ಜಕ ಎಂದು ಬರೆದಿದ್ದರೆ ಸಾಮಾನ್ಯವಾಗಿ ಮೊದಲ ಗುಂಪನ್ನಷ್ಟೇ ಅಳೆದಿದ್ದಾರೆ.

ಬಾಲ ನೇರವಾಗಿರಬೇಕು ಎಂಬುದು ಜಗತ್ತು ಕಷ್ಟಪಟ್ಟು ಕಲಿತ ಪಾಠ. ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದ ಹಳೆಯ ಮಾರ್ಜಕಗಳ ಬಾಲ ಕವಲೊಡೆದಿತ್ತು. ಕವಲನ್ನು ಬ್ಯಾಕ್ಟೀರಿಯಾಗಳು ಸುಲಭವಾಗಿ ಮುರಿಯಲಾರದೆ ಯುರೋಪು, ಅಮೆರಿಕಗಳ ನದಿಗಳ ಮೇಲೆ ನೊರೆಯ ಗುಡ್ಡೆಗಳು ತೇಲಿದವು, ಕೆಲವೆಡೆ ನಲ್ಲಿಯ ನೀರೂ ನೊರೆಯಾಗಿ ಬಂತು. ಪಶ್ಚಿಮ ಜರ್ಮನಿ 1961ರಲ್ಲಿ ಇದಕ್ಕೆ ಕಾನೂನು ಮಾಡಿ 1964ರಿಂದ ಜಾರಿಗೆ ತಂದಿತು. ಅಮೆರಿಕದ ಉದ್ಯಮ 1965ರ ಹೊತ್ತಿಗೆ ನೇರ ಬಾಲಕ್ಕೆ ಬದಲಾಯಿತು. ನೇರ ಬಾಲದ ಅಣು ಆಮ್ಲಜನಕ ಸಾಕಷ್ಟಿರುವ ನೀರಿನಲ್ಲಿ ಕೆಲವೇ ದಿನಗಳಲ್ಲಿ ಕಳಚಿಕೊಳ್ಳುತ್ತದೆ. ಆಮ್ಲಜನಕವಿಲ್ಲದ ಕಡೆ, ಎಂದರೆ ಸೆಪ್ಟಿಕ್ ಟ್ಯಾಂಕಿನಲ್ಲಿ, ಕೆರೆಯ ತಳದ ಕಪ್ಪು ಗೋಡಿನಲ್ಲಿ, ಅದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನಮ್ಮ ಊರುಗಳ ಬಚ್ಚಲ ನೀರು ಮೊದಲು ಹೋಗುವುದು ಇಂಥ ಉಸಿರುಗಟ್ಟಿದ ಜಾಗಗಳಿಗೇ.

ನೀಲಿ ಬಣ್ಣದ ಪರೀಕ್ಷೆ

ಪರೀಕ್ಷೆಯ ಬೆನ್ನೆಲುಬು ಮೀಥಿಲೀನ್ ಬ್ಲೂ ಎಂಬ ಬಣ್ಣ. ಜರ್ಮನ್ ರಸಾಯನಶಾಸ್ತ್ರಜ್ಞ ಹೈನ್ರಿಖ್ ಕಾರೊ 1876ರಲ್ಲಿ ಅದನ್ನು ತಯಾರಿಸಿದ. ಈ ಬಣ್ಣದ ಅಣುವಿಗೆ ಧನ ವಿದ್ಯುದಂಶವಿದೆ. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಕ್ಲೋರೊಫಾರಂನಲ್ಲಿ ಕರಗುವುದು ಅತ್ಯಲ್ಪ. ಆದರೆ ನೀರಿನಲ್ಲಿ ಋಣಾಯಾನಿಕ ಮಾರ್ಜಕವಿದ್ದರೆ ಬಣ್ಣ ಮತ್ತು ಮಾರ್ಜಕಗಳು ಒಂದಕ್ಕೊಂದು ಅಂಟಿ ಜೋಡಿಯಾಗುತ್ತವೆ. ವಿದ್ಯುದಂಶಗಳು ಸರಿಹೋದ ಈ ಜೋಡಿ ನೀರನ್ನು ಬಿಟ್ಟು ಕ್ಲೋರೊಫಾರಂಗೆ ದಾಟುತ್ತದೆ. ಕ್ಲೋರೊಫಾರಂ ಎಷ್ಟು ನೀಲಿಯಾಯಿತೋ ಮಾರ್ಜಕ ಅಷ್ಟು. 1940ರ ದಶಕದಲ್ಲಿ ಮೊಳೆತ ಈ ವಿಚಾರವನ್ನು ನೀರು ಮತ್ತು ಕೊಳಚೆಯ ಪರೀಕ್ಷೆಗೆ ಹದಗೊಳಿಸಿದವರಲ್ಲಿ 1955ರ ಲಾಂಗ್‌ವೆಲ್ ಮತ್ತು ಮ್ಯಾನಿಯೀಸ್ ಹೆಸರು ಮುಖ್ಯ. ಫಲಿತಾಂಶವನ್ನು 'ಮೀಥಿಲೀನ್ ನೀಲಿಗೆ ಸ್ಪಂದಿಸುವ ಪದಾರ್ಥಗಳು' ಎಂದು ಬರೆಯುತ್ತಾರೆ. ವರದಿಗಳಲ್ಲಿ ಕಾಣುವ ಎಂಬಿಎಎಸ್ ಎಂಬ ಸಂಕ್ಷೇಪ ಅದೇ.

ಕೆಲಸ ನಡೆಯುವುದು ಬೇರ್ಪಡಿಕೆ ಆಲಿಕೆಯಲ್ಲಿ. ಪೇರಳೆಹಣ್ಣಿನ ಆಕಾರದ, ಕೆಳಗೆ ತಿರುಪುಳ್ಳ ಗಾಜಿನ ಪಾತ್ರೆ ಅದು. ಕುಡಿಯುವ ನೀರಾದರೆ 250ರಿಂದ 400 ಮಿಲಿಲೀಟರ್, ಚರಂಡಿ ಸೇರಿದ ಕೆರೆನೀರಾದರೆ 100 ಮಿಲಿಲೀಟರ್ ಅಥವಾ ಇನ್ನೂ ಕಡಿಮೆ ತೆಗೆದುಕೊಳ್ಳುತ್ತಾರೆ. ಎರಡು ಹನಿ ಫಿನಾಫ್ತಲೀನ್ ಹಾಕಿ, ಗುಲಾಬಿ ಬಣ್ಣ ಬರುವವರೆಗೆ ಕ್ಷಾರ, ಅದು ಅಳಿಯುವವರೆಗೆ ಗಂಧಕಾಮ್ಲ. ಅನಂತರ 10 ಮಿಲಿಲೀಟರ್ ಕ್ಲೋರೊಫಾರಂ, 25 ಮಿಲಿಲೀಟರ್ ಮೀಥಿಲೀನ್ ಬ್ಲೂ ದ್ರಾವಣ. ಈ ದ್ರಾವಣದಲ್ಲಿ ಬಣ್ಣದ ಜೊತೆಗೆ ಗಂಧಕಾಮ್ಲವೂ ಸೋಡಿಯಂ ಫಾಸ್ಫೇಟೂ ಇರುತ್ತವೆ.

ಈಗ ಎರಡೂ ಕೈಯಲ್ಲಿ ಆಲಿಕೆ ಹಿಡಿದು 30 ಸೆಕೆಂಡು ಕುಲುಕಬೇಕು. ನಡುನಡುವೆ ತಲೆಕೆಳಗು ಮಾಡಿ ತಿರುಪು ಸಡಿಲಿಸಿದರೆ ಉಸ್ಸೆಂದು ಆವಿ ಹೊರಬೀಳುತ್ತದೆ. ಅದನ್ನು ಬಿಡದಿದ್ದರೆ ಮುಚ್ಚಳ ಹಾರುತ್ತದೆ. ಕುಲುಕಿದ್ದನ್ನು ಸ್ಟ್ಯಾಂಡಿಗೆ ಹಾಕಿ ಕಾದರೆ ಪದರಗಳು ಬೇರೆಯಾಗತೊಡಗುತ್ತವೆ. ಕ್ಲೋರೊಫಾರಂ ನೀರಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ಶುದ್ಧ ನೀರಿನ ಮಾದರಿಯಲ್ಲಿ ಮೇಲಿನ ನೀರು ಶಾಯಿಯಂತೆ ನೀಲಿ, ತಳದ ಪದರ ಬಹುತೇಕ ಬಣ್ಣವಿಲ್ಲದ್ದು. ಮಾರ್ಜಕವಿದ್ದರೆ ತಳದ ಪದರಕ್ಕೆ ಆಕಾಶದ ತಿಳಿನೀಲಿ ಏರುತ್ತದೆ. ಮೇಲಿನ ನೀರೇ ಪೇಲವವಾಗಿ ಹೋದರೆ ಬಣ್ಣ ಸಾಲದಷ್ಟು ಮಾರ್ಜಕ ಇದೆ ಎಂದರ್ಥ. ಮಾದರಿಯನ್ನು ಚೆಲ್ಲಿ ಕಡಿಮೆ ನೀರಿನಿಂದ ಮತ್ತೆ ಆರಂಭಿಸಬೇಕು. ಕೊಳಚೆ ನೀರಿನಲ್ಲಿ ಕೆಲವೊಮ್ಮೆ ಪದರಗಳ ನಡುವೆ ಕಡೆದ ಮಜ್ಜಿಗೆಯಂಥ ನೊರೆ ನಿಂತುಬಿಡುತ್ತದೆ. ಆಗ ತಾಳ್ಮೆಯೇ ಮದ್ದು: ಕುಲುಕುವ ಬದಲು ನಿಧಾನವಾಗಿ ತೂಗುವುದು, ಸುಮ್ಮನೆ ಕಾಯುವುದು.

ತಳದ ಪದರವನ್ನು ಇನ್ನೊಂದು ಆಲಿಕೆಗೆ ಇಳಿಸಿ, ಹೊಸ ಕ್ಲೋರೊಫಾರಂ ಹಾಕಿ ಮತ್ತೆ ಮೂರು ಬಾರಿ ಇದೇ ಕೆಲಸ. ಎಲ್ಲ ಸಾರವನ್ನೂ ಕೂಡಿಸಿ, ಬಣ್ಣವಿಲ್ಲದ ಆಮ್ಲ-ಫಾಸ್ಫೇಟ್ ದ್ರಾವಣದಿಂದ ತೊಳೆದು, ಗಾಜಿನ ಉಣ್ಣೆಯ ಮೂಲಕ ಸೋಸಿ 100 ಮಿಲಿಲೀಟರಿಗೆ ತುಂಬಿಸುತ್ತಾರೆ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 652 ನ್ಯಾನೋಮೀಟರಿನ ಕೆಂಪು ಬೆಳಕನ್ನು ಅದರ ಮೂಲಕ ಹಾಯಿಸಿ, ಎಷ್ಟು ಬೆಳಕು ಹೀರಿಕೆಯಾಯಿತು ಎಂದು ಓದುತ್ತಾರೆ. ಮೊದಲೇ ತಿಳಿದ ಪ್ರಮಾಣದ ಎಲ್‌ಎಎಸ್ ದ್ರಾವಣಗಳಿಂದ ಎಳೆದಿಟ್ಟ ಮಾನಕ ರೇಖೆ ಆ ಓದನ್ನು ತೂಕಕ್ಕೆ ತಿರುಗಿಸುತ್ತದೆ. ಉದಾಹರಣೆಗೆ 250 ಮಿಲಿಲೀಟರ್ ನೀರಿನಿಂದ ಬಂದ ಸಾರದಲ್ಲಿ ರೇಖೆ 45 ಮೈಕ್ರೊಗ್ರಾಂ ತೋರಿಸಿದರೆ ನೀರಿನಲ್ಲಿರುವುದು ಲೀಟರಿಗೆ 0.18 ಮಿಲಿಗ್ರಾಂ. ಇದೇ ವಿಧಾನದಿಂದ ಲೀಟರಿಗೆ 0.025 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣವನ್ನೂ ಅಳೆಯಬಹುದು.

ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಬಾಟಲಿ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಪ್ರಯೋಗಾಲಯದ ಗಾಜಿನ ಪಾತ್ರೆಗಳನ್ನು ಸಾಮಾನ್ಯವಾಗಿ ತೊಳೆಯುವುದು ಯಾವುದರಿಂದ? ಮಾರ್ಜಕದಿಂದಲೇ. ಈ ಪರೀಕ್ಷೆಯ ಪಾತ್ರೆಗೆ ಅದು ಸಲ್ಲದು. ಆಮ್ಲ, ಬಿಸಿನೀರು, ಆಲ್ಕೊಹಾಲುಗಳಿಂದ ಮಾತ್ರ ತೊಳೆಯಬೇಕು. ಪ್ರತಿ ಸುತ್ತಿನಲ್ಲೂ ಶುದ್ಧ ನೀರಿನ ಒಂದು ಮಾದರಿಯನ್ನು ಜೊತೆಗೇ ನಡೆಸಿ, ಪಾತ್ರೆ ಮತ್ತು ರಾಸಾಯನಿಕಗಳಿಂದ ಎಷ್ಟು ನೀಲಿ ಬರುತ್ತದೆ ಎಂದು ಕಳೆಯಬೇಕು. ಆ ಖಾಲಿ ಮಾದರಿಯ ಓದನ್ನು ಬರೆದಿಡದ ವರದಿಯನ್ನು ನಂಬಬಾರದು.

ಮಾದರಿ ತೆಗೆಯುವ ಹೊತ್ತು, ಜಾಗ

ಕೆರೆಯ ದಡದಲ್ಲಿ ನೊರೆ ಕಂಡರೆ ಅದನ್ನೇ ಬಾಟಲಿಗೆ ತುಂಬಿಕೊಳ್ಳುವ ಮನಸ್ಸಾಗುತ್ತದೆ. ಅದು ತಪ್ಪು. ಮಾರ್ಜಕ ನೀರಿನ ಮೇಲ್ಮೈಗೇ ಬಂದು ಸೇರುವ ಪದಾರ್ಥ. ನೊರೆಯಲ್ಲಿ ಅದು ಕೆಳಗಿನ ನೀರಿಗಿಂತ ಎಷ್ಟೋ ಪಟ್ಟು ದಟ್ಟವಾಗಿರುತ್ತದೆ. ಮೇಲ್ಪದರವನ್ನು ಬಿಟ್ಟು ಒಂದು ಅಡಿಯಷ್ಟು ಆಳದಲ್ಲಿ, ಬಾಟಲಿಯ ಬಾಯಿ ಅಲ್ಲೇ ತೆರೆದು ತುಂಬಿಸಿ ಅಲ್ಲೇ ಮುಚ್ಚಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು 48 ಗಂಟೆಯೊಳಗೆ ಪರೀಕ್ಷಿಸಬೇಕು, ಇಲ್ಲವಾದರೆ ಬಾಟಲಿಯೊಳಗಿನ ಬ್ಯಾಕ್ಟೀರಿಯಾಗಳೇ ಮಾರ್ಜಕವನ್ನು ತಿಂದು ಮುಗಿಸುತ್ತವೆ. ಗುಬ್ಬಿ, ಕುಣಿಗಲ್‌ಗಳಿಂದ ತುಮಕೂರಿಗೆ ಒಂದು ಗಂಟೆಯ ಹಾದಿಯೊಳಗೇ ತಲುಪಬಹುದಾದ್ದರಿಂದ ಇಲ್ಲಿ ತಡಕ್ಕೆ ನೆಪವಿಲ್ಲ.

ಹೊತ್ತು ಇನ್ನೂ ಮುಖ್ಯ. ಬಟ್ಟೆ-ಪಾತ್ರೆಗಳ ಕೆಲಸ ನಡೆಯುವುದು ಬೆಳಿಗ್ಗೆ. ಚರಂಡಿಯಲ್ಲಿ ಬೆಳಿಗ್ಗೆ 9ಕ್ಕೆ ತೆಗೆದ ನೀರಿಗೂ ಮಧ್ಯಾಹ್ನ 3ಕ್ಕೆ ತೆಗೆದ ನೀರಿಗೂ ಹೋಲಿಕೆಯೇ ಇರದು. ಭಾನುವಾರದ ನೀರು ಬುಧವಾರದಂತಿರುವುದಿಲ್ಲ. ಯುಗಾದಿ, ದೀಪಾವಳಿಗೆ ಮುಂಚೆ ಮನೆಯ ಹಾಸಿಗೆ-ಹೊದಿಕೆಯೆಲ್ಲ ಹೊರಬರುವ ದಿನಗಳಲ್ಲಿ ಚರಂಡಿ ಇನ್ನಷ್ಟು ದಟ್ಟ. ಆದ್ದರಿಂದ ಹರಿಯುವ ಚರಂಡಿಯಲ್ಲಿ ದಿನವಿಡೀ ಗಂಟೆಗೊಮ್ಮೆ ತೆಗೆದು ಬೆರೆಸಿದ ಮಾದರಿಯೇ ನ್ಯಾಯವಾದದ್ದು. ಕೆರೆಯಲ್ಲಾದರೆ ಋತುವನ್ನು ನೋಡಬೇಕು. ಈ ಭಾಗಕ್ಕೆ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ. ಬೇಸಿಗೆಯ ಕೊನೆಗೆ ಕೆರೆಯಲ್ಲಿ ಉಳಿದಿರುವ ನೀರಿನ ಬಹುಪಾಲು ಊರಿನದೇ ಆಗಿರಬಹುದು.

ಒಂದು ಲೆಕ್ಕ ಇಲ್ಲಿ ಸಹಾಯಕ್ಕೆ ಬರುತ್ತದೆ. ಒಂದು ಬಾರಿ ಬಟ್ಟೆ ಒಗೆಯಲು 50 ಗ್ರಾಂ ಪುಡಿ ಬಳಸಿದರು, ಅದರಲ್ಲಿ ನೂರಕ್ಕೆ 10 ಪಾಲು ಮಾತ್ರ ಸಕ್ರಿಯ ಮಾರ್ಜಕ ಎಂದಿಟ್ಟುಕೊಳ್ಳೋಣ. ಚರಂಡಿಗೆ ಹೋಗುವುದು 5 ಗ್ರಾಂ. ಅದು ಎಲ್ಲೂ ಕಳಚಿಕೊಳ್ಳದೆ ನೇರವಾಗಿ ನೀರು ಸೇರಿದರೆ, ಕುಡಿಯುವ ನೀರಿಗೆ ಹೇಳಿರುವ ಲೀಟರಿಗೆ 0.2 ಮಿಲಿಗ್ರಾಂ ಮಿತಿಗೆ ತಗ್ಗಿಸಲು 25,000 ಲೀಟರ್ ಶುದ್ಧ ನೀರು ಬೇಕು. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಐದು ಟ್ಯಾಂಕರು, ಒಂದು ಮನೆಯ ಒಂದು ಒಗೆತಕ್ಕೆ.

ಮಿತಿಗಳು, ಅಂಕಿಯನ್ನು ಓದುವ ಬಗೆ

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಲ್ಲಿ ಋಣಾಯಾನಿಕ ಮಾರ್ಜಕಕ್ಕೆ ಸ್ವೀಕಾರಾರ್ಹ ಮಿತಿ ಲೀಟರಿಗೆ 0.2 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.0 ಮಿಲಿಗ್ರಾಂವರೆಗೆ ಅನುಮತಿ. ಅಮೆರಿಕದಲ್ಲಿ ನೊರೆಕಾರಕಗಳಿಗೆ ಇಟ್ಟಿರುವ ಸಲಹಾ ಮಿತಿ 0.5 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಆಧಾರದ ಮೇಲೆ ಅಂಕಿ ಕೊಟ್ಟಿಲ್ಲ. ನೀರಿಗೆ ನೊರೆಯೂ ರುಚಿಯೂ ಬರುವಷ್ಟು ಮಾರ್ಜಕ ಇರಬಾರದು ಎನ್ನುತ್ತದೆ. ಈ ಮಿತಿಗಳು ವಿಷದ ಗೆರೆಗಳಲ್ಲ ಎಂಬುದನ್ನು ಜನರಿಗೆ ಸ್ಪಷ್ಟವಾಗಿ ಹೇಳಬೇಕು. ಮನುಷ್ಯನಿಗಿಂತ ಮೀನಿಗೆ ಇದರ ಏಟು ಬೇಗ: ಕಿವಿರಿನ ತೆಳುಪೊರೆ ಕೆಡುತ್ತದೆ. ಬಾವಿಯ ನೀರಿನಲ್ಲಿ ಮಾರ್ಜಕ ಸಿಕ್ಕಾಗ ಹೆದರಬೇಕಾದದ್ದು ಅದರ ಜೊತೆಯಲ್ಲಿ ಅದೇ ದಾರಿಯಿಂದ ಬಂದಿರಬಹುದಾದ ಮಲಮೂಲದ ರೋಗಾಣುಗಳಿಗೆ.

ಎಂಬಿಎಎಸ್ ಎಂಬ ಹೆಸರಿನಲ್ಲೇ ಒಂದು ಎಚ್ಚರಿಕೆ ಅಡಗಿದೆ. ನೀಲಿಗೆ ಸ್ಪಂದಿಸಿದ್ದೆಲ್ಲ ಮಾರ್ಜಕವಲ್ಲ. ಕ್ಲೋರೈಡು, ನೈಟ್ರೇಟು, ಥಯೊಸಯನೇಟುಗಳು ಹೆಚ್ಚಿದ್ದರೆ ಅವೂ ಬಣ್ಣವನ್ನು ಸ್ವಲ್ಪ ಕ್ಲೋರೊಫಾರಂಗೆ ಎಳೆದು ಇಲ್ಲದ ಮಾರ್ಜಕವನ್ನು ತೋರಿಸುತ್ತವೆ. ಸಾರವನ್ನು ಆಮ್ಲ-ಫಾಸ್ಫೇಟ್ ದ್ರಾವಣದಿಂದ ತೊಳೆಯುವುದು ಇದಕ್ಕಾಗಿಯೇ. ಈ ವಿಷಯ ನಮ್ಮ ಭಾಗಕ್ಕೆ ನೇರವಾಗಿ ಸಂಬಂಧಿಸಿದ್ದು. ಗೊಬ್ಬರದಿಂದಲೂ ಇಂಗುಗುಂಡಿಯಿಂದಲೂ ನೈಟ್ರೇಟು ಏರಿದ, ಕ್ಲೋರೈಡು ತುಂಬಿದ ಉಪ್ಪುನೀರಿನ ಕೊಳವೆಬಾವಿಗಳಲ್ಲಿ ಲೀಟರಿಗೆ 0.05 ಅಥವಾ 0.1 ಮಿಲಿಗ್ರಾಂ ಬಂತೆಂದು ತಕ್ಷಣ ಬಚ್ಚಲನ್ನು ದೂರಬಾರದು. ತೊಳೆಯುವ ಹಂತವನ್ನು ಮತ್ತೆ ಮಾಡಿ, ಅದೇ ಬಾವಿಯ ರೋಗಾಣು ಪರೀಕ್ಷೆಯನ್ನೂ ನೋಡಿ, ಮೇಲ್ಗಡೆ ಊರಿಲ್ಲದ ಒಂದು ಬಾವಿಯ ಓದಿನೊಡನೆ ಹೋಲಿಸಿ ಮಾತಾಡಬೇಕು.

ಇದಕ್ಕೆ ತಿರುಗುಮುರುಗಾದ ತಪ್ಪುಗಳೂ ಇವೆ. ಬಟ್ಟೆ ಮೃದುಗೊಳಿಸುವ ದ್ರವದ ಧನಾಯಾನಿಕ ಪದಾರ್ಥ ಬಣ್ಣದ ಜಾಗವನ್ನು ತಾನೇ ಹಿಡಿದು ಮಾರ್ಜಕವನ್ನು ಬಚ್ಚಿಡುತ್ತದೆ. ಕೊಳೆತ ಚರಂಡಿಯ ಸಲ್ಫೈಡು ಮೀಥಿಲೀನ್ ಬ್ಲೂವಿನ ಬಣ್ಣವನ್ನೇ ಕಳೆಯುತ್ತದೆ. ಅದಕ್ಕೆ ಮುಂಚೆಯೇ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡು ಹಾಕುವುದು ರೂಢಿ. ಮೈಸೂರು ಸ್ಯಾಂಡಲ್‌ನಂಥ ಕೊಬ್ಬಿನ ಸೋಪು ಈ ಆಮ್ಲೀಯ ದ್ರಾವಣದಲ್ಲಿ ಸ್ಪಂದಿಸುವುದೇ ಇಲ್ಲ. ನೀರನ್ನು ಶೀಶೆಯಲ್ಲಿ ಕುಲುಕಿ ನೊರೆ ನೋಡುವ ಮನೆಯ ಪರೀಕ್ಷೆಗೂ ಪ್ರಯೋಗಾಲಯದ ಅಂಕಿಗೂ ಹೊಂದಿಕೆಯಾಗದಿರುವುದು ಇಂಥ ಕಾರಣಗಳಿಂದ: ಸೋಪೂ ನೊರೆ ಕೊಡುತ್ತದೆ, ಕೊಳೆತ ಎಲೆ-ಪಾಚಿಗಳ ಸಾರವೂ ನೊರೆ ಕೊಡುತ್ತದೆ, ಅಂಟುವಾಳವಂತೂ ಸರಿಯೇ.

ಇನ್ನೊಂದು ಸೂಕ್ಷ್ಮ. ಬ್ಯಾಕ್ಟೀರಿಯಾಗಳು ಎಲ್‌ಎಎಸ್‌ನ ಬಾಲದ ತುದಿಯನ್ನು ಕಡಿಯತೊಡಗಿದೊಡನೆ ಅಣು ನೀಲಿಗೆ ಸ್ಪಂದಿಸುವುದನ್ನು ಬಿಡುತ್ತದೆ. ಬೆಂಜೀನ್ ಉಂಗುರ ಇನ್ನೂ ನೀರಿನಲ್ಲಿದ್ದರೂ ವರದಿಯಲ್ಲಿ ಸೊನ್ನೆ ಬರಬಹುದು. ಶುದ್ಧೀಕರಣ ಘಟಕದಿಂದ ಹೊರಬಂದ ನೀರಿನಲ್ಲಿ ಎಂಬಿಎಎಸ್ ಇಳಿದಿರುವುದು ಒಳ್ಳೆಯ ಲಕ್ಷಣವೇ, ಆದರೆ ಕೆಲಸ ಪೂರ್ತಿಯಾಯಿತು ಎಂಬ ಪ್ರಮಾಣಪತ್ರವಲ್ಲ.

ಉಳಿದ ವಿಧಾನಗಳನ್ನು ಚಿಕ್ಕದಾಗಿ ಹೇಳಬಹುದು. ಮಾರ್ಜಕ ದಟ್ಟವಾಗಿರುವ ದ್ರಾವಣಗಳಿಗೆ ಎಪ್ಟನ್ 1947ರಲ್ಲಿ ಪ್ರಕಟಿಸಿದ ಎರಡು ಪದರಗಳ ಟೈಟ್ರೇಷನ್ ಇದೆ. ನಿರಯಾನಿಕಗಳಿಗೆ ಕೋಬಾಲ್ಟ್ ಥಯೊಸಯನೇಟ್ ವಿಧಾನ. ಈಥೈಲ್ ವಯೊಲೆಟ್ ಬಣ್ಣ ಮತ್ತು ಟಾಲ್ಯೂಯೀನ್ ಬಳಸುವ ಕ್ರಮಕ್ಕೆ ಕ್ಲೋರೊಫಾರಂ ಬೇಕಿಲ್ಲ. ಯಾವ ಅಣು ಎಷ್ಟಿದೆ ಎಂದು ಒಂದೊಂದಾಗಿ ಬಿಡಿಸಿ ಹೇಳುವುದು ದ್ರವ ಕ್ರೊಮಟೋಗ್ರಫಿ ಮಾತ್ರ. ಅದು ದುಬಾರಿ ಯಂತ್ರದ ಕೆಲಸ.

ಯಾರು ಅಳೆಯುತ್ತಾರೆ

ತುಮಕೂರಿನಲ್ಲಿ ನೀರಿನ ಪರೀಕ್ಷೆಗೆ ವ್ಯವಸ್ಥೆಯಿಲ್ಲವೆಂದಲ್ಲ. 1974ರ ಜಲ ಕಾಯ್ದೆಯಡಿ ಸ್ಥಾಪನೆಯಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಇಲ್ಲಿ ಪ್ರಾದೇಶಿಕ ಕಚೇರಿ ಇದೆ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯವಿದೆ. ಇಲ್ಲಿನ ಕಾಲೇಜುಗಳ ಅಧ್ಯಾಪಕರು ಸುತ್ತಲ ಕೆರೆ-ಬಾವಿಗಳ ಲವಣ, ಲೋಹಾಂಶಗಳ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. 2019ರಲ್ಲಿ ಜಲ ಜೀವನ್ ಮಿಷನ್ ಬಂದ ಮೇಲೆ ಹಳ್ಳಿಯ ಮಹಿಳೆಯರ ಕೈಗೂ ಪರೀಕ್ಷಾ ಪೆಟ್ಟಿಗೆ ಬಂತು. ಆ ಪೆಟ್ಟಿಗೆಯಲ್ಲಿ ಪಿಎಚ್, ಗಡಸುತನ, ಕ್ಲೋರೈಡು, ಫ್ಲೋರೈಡು, ನೈಟ್ರೇಟು, ಕಬ್ಬಿಣ, ಉಳಿಕೆ ಕ್ಲೋರಿನ್, ರೋಗಾಣು ಎಲ್ಲವೂ ಉಂಟು. ಮಾರ್ಜಕ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಕ್ಲೋರೊಫಾರಂ ಬೇಕಾಗುವ ಪರೀಕ್ಷೆಯನ್ನು ಅಂಗನವಾಡಿಯ ಜಗಲಿಯಲ್ಲಿ ಮಾಡಲಾಗದು ಎಂಬುದು ನಿಜ. ಪ್ರಯೋಗಾಲಯದ ವಾಡಿಕೆಯ ಪಟ್ಟಿಯಿಂದಲೂ ಅದು ಜಾರಿಹೋಗುವುದಕ್ಕೆ ಆ ಕಾರಣ ಸಾಲದು.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿಪಾತ್ರಗಳಲ್ಲಿ ಶಿಂಷಾ ನದಿಯ ಯಡಿಯೂರು-ಹಲಗೂರು ಭಾಗವೂ ಒಂದು. ಯಡಿಯೂರು ಕುಣಿಗಲ್ ತಾಲ್ಲೂಕಿನದು, ಸಿದ್ಧಲಿಂಗೇಶ್ವರರ ಕ್ಷೇತ್ರ. ಈ ಪಟ್ಟಿಗೆ ಆಧಾರವಾದದ್ದು ನೀರಿನ ಜೈವಿಕ ಆಮ್ಲಜನಕ ಬೇಡಿಕೆ. 27 ಡಿಗ್ರಿ ತಾಪದಲ್ಲಿ ಮೂರು ದಿನ ಇಟ್ಟ ನೀರು ಎಷ್ಟು ಆಮ್ಲಜನಕ ಕುಡಿಯಿತು ಎಂಬ ಅಳತೆ ಅದು. ಕೊಳಕು ಎಷ್ಟಿದೆ ಎಂದು ಅದು ಹೇಳುತ್ತದೆ. ಆ ಕೊಳಕು ಬಚ್ಚಲಿನದೋ, ದನದ ಕೊಟ್ಟಿಗೆಯದೋ, ಗದ್ದೆಯ ಕೊಳೆತ ಹುಲ್ಲಿನದೋ ಎಂದು ಬಿಡಿಸಿ ಹೇಳದು. ಅದೇ ಬಾಟಲಿಯ ಜೊತೆಗೆ ಇನ್ನೊಂದು ಬಾಟಲಿ ತುಂಬಿ ಎಂಬಿಎಎಸ್ ನೋಡಿದರೆ ಕೊಟ್ಟಿಗೆಯನ್ನು ಬಚ್ಚಲಿನಿಂದ ಬೇರೆ ಮಾಡಬಹುದು. ಹೆಚ್ಚಿನ ಖರ್ಚಿಲ್ಲದೆ ಇಷ್ಟು ತಿಳಿಯಬಹುದಾಗಿರುವಾಗ ಅಳೆಯದೆ ಬಿಡುವುದು ಸರಿಯಲ್ಲ.

ನೀರನ್ನಷ್ಟೇ ನೋಡಿದರೂ ಸಾಲದು ಎಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ ಕಲಿಸಿದೆ. 2015ರ ಬೇಸಿಗೆಯಲ್ಲಿ ಅದರ ನೊರೆ ರಸ್ತೆಗೆ ಹಾರಿ ದೇಶದ ಗಮನ ಸೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರದ ಸಂಶೋಧಕರು ಕಂಡುಕೊಂಡಂತೆ, ಕೆರೆಗೆ ಬಂದ ಮಾರ್ಜಕದ ಒಂದು ಪಾಲು ಕಳಚಿಕೊಳ್ಳದೆ ತಳದ ಗೋಡಿಗೆ ಅಂಟಿ ಕೂಡುತ್ತ ಹೋಗುತ್ತದೆ. ಜೋರು ಮಳೆಯ ನೀರು ನುಗ್ಗಿ ಗೋಡನ್ನು ಕದಡಿದಾಗ ಅಲ್ಲಿ ಕೂಡಿಟ್ಟದ್ದೆಲ್ಲ ಒಮ್ಮೆಲೇ ಬಿಡುಗಡೆಯಾಗುತ್ತದೆ, ಕೋಡಿಯ ಧುಮುಕಾಟದಲ್ಲಿ ನೊರೆಯಾಗುತ್ತದೆ. ಮಳೆ ಬಂದರೆ ನೀರು ತಿಳಿಯಾಗಿ ನೊರೆ ಇಳಿಯಬೇಕಲ್ಲವೇ ಎಂಬ ಜನರ ಪ್ರಶ್ನೆಗೆ ಉತ್ತರ ಇದರಲ್ಲಿದೆ.

ಭೀಮಸಂದ್ರದಂತೆ ಊರಿನ ನೀರು ಬಂದು ನಿಲ್ಲುವ ಆಳವಿಲ್ಲದ ಕೆರೆಗಳಿಗೂ ಈ ಅರಿವು ಅನ್ವಯಿಸುತ್ತದೆ. ಅಂಥ ಕಡೆ ಬೇಸಿಗೆಯಲ್ಲೊಮ್ಮೆ, ಮೊದಲ ದೊಡ್ಡ ಮಳೆಯ ಮಾರನೆಯ ದಿನವೊಮ್ಮೆ, ಕೆರೆ ತುಂಬಿದ ಮೇಲೊಮ್ಮೆ ನೀರನ್ನು ತೆಗೆಯಬೇಕು, ಜೊತೆಗೆ ತಳದ ಗೋಡನ್ನೂ ತೆಗೆಯಬೇಕು. ಗೋಡನ್ನು ಒಣಗಿಸಿ ಮೀಥೈಲ್ ಆಲ್ಕೊಹಾಲಿನಲ್ಲಿ ಸಾರ ತೆಗೆದ ಮೇಲೆ ಉಳಿದ ಹಂತಗಳು ನೀರಿನಂತೆಯೇ. ಹೂಳೆತ್ತುವ ಕಾಮಗಾರಿಯಲ್ಲಿ ಕೆರೆಗೋಡನ್ನು ರೈತರು ಹೊಲಕ್ಕೆ ಹೊಡೆಸಿಕೊಳ್ಳುವ ರೂಢಿ ಈ ಸೀಮೆಯಲ್ಲಿ ಹಳೆಯದು. ಊರಚರಂಡಿ ಸೇರಿದ ಕೆರೆಯ ಗೋಡು ಗಾಡಿಗೆ ಏರುವ ಮೊದಲು ಈ ಪರೀಕ್ಷೆ ಆಗಿರಬೇಕು.

ಕೊನೆಗೆ ಪ್ರಯೋಗಾಲಯದ ತ್ಯಾಜ್ಯದ ಮಾತು. ಒಂದು ಮಾದರಿಗೆ ಖರ್ಚಾಗುವ ಕ್ಲೋರೊಫಾರಂ ಸುಮಾರು 100 ಮಿಲಿಲೀಟರ್. ಅದರ ಆವಿ ಯಕೃತ್ತಿಗೆ ಹಾನಿಕರ, ಕ್ಯಾನ್ಸರಿನ ಶಂಕೆಯೂ ಇದೆ. ಆದ್ದರಿಂದ ಹೊಗೆಗೂಡಿನೊಳಗೆ ಮಾತ್ರ ಕುಲುಕುವುದು, ಬಳಸಿದ ನೀಲಿ ಕ್ಲೋರೊಫಾರಂ ಅನ್ನು ಸಿಂಕಿಗೆ ಸುರಿಯದೆ ಚೀಟಿ ಅಂಟಿಸಿದ ಕಂದು ಬಾಟಲಿಯಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಒಪ್ಪಿಸುವುದು ನಿಯಮ. ಕೆಲವು ಮಿಲಿಲೀಟರ್ ದ್ರಾವಕದಲ್ಲೇ ಮುಗಿಯುವ, ಮುಚ್ಚಿದ ಕೊಳವೆಯಲ್ಲಿ ನಡೆಯುವ ಪರೀಕ್ಷಾ ಕಿಟ್‌ಗಳೂ ಈಗ ಸಿಗುತ್ತವೆ. ತಾಲ್ಲೂಕು ಮಟ್ಟದಲ್ಲಿ ಮೊದಲ ಜರಡಿಗೆ ಅವು ಸಾಕು. ಅವುಗಳಲ್ಲಿ ನೀಲಿ ಏರಿದ ಮಾದರಿಯನ್ನಷ್ಟೇ ಜಿಲ್ಲಾ ಪ್ರಯೋಗಾಲಯದ ಆಲಿಕೆಗೆ ಕಳುಹಿಸಬಹುದು.